ಗ್ಯಾರೇಜು ಪ್ರಶ್ನೋತ್ತರ: ಬಿಚ್ಚುವ ಮೊದಲು ಅಳೆಯೋಣ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಪೋರ್ಟ್ಸ್ ಕಾರುಗಳಿಗೆ ಸಂಬಂಧಿಸಿದವು. ಅವುಗಳಲ್ಲಿ ಕೆಲವು ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರವು. ಇಪ್ಪತ್ತು ವರ್ಷ ಹಳೆಯದಾದ ಎರಡು ಸೀಟಿನ ಕಾರು ಅಲ್ಲಿ ಹೊಸದೊಂದು ಸಾಧಾರಣ ಕಾರಿಗಿಂತ ಅಗ್ಗಕ್ಕೆ ಸಿಗುವುದರಿಂದ, ಹುಡುಗುತನದ ಆಸೆಯನ್ನು ನಡುವಯಸ್ಸಿನಲ್ಲಿ ತೀರಿಸಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಆದರೆ ಕಾರಿನ ಬೆಲೆ ಇಳಿದಂತೆ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ ಎಂಬುದು ಮೊದಲ ಬಿಲ್ಲು ಕೈಗೆ ಬಂದಾಗಲೇ ತಿಳಿಯುತ್ತದೆ. ಬಹುಪಾಲು ಪತ್ರಗಳಲ್ಲಿ ‘ಇದನ್ನು ಬದಲಿಸಿದೆವು, ಅದನ್ನು ಬದಲಿಸಿದೆವು, ದೋಷ ಮಾತ್ರ ಹಾಗೆಯೇ ಉಳಿದಿದೆ’ ಎಂಬ ಅಳಲಿದೆ. ಆದ್ದರಿಂದ ಯಾವ ಭಾಗ ಹಾಕಬೇಕು ಎನ್ನುವುದಕ್ಕಿಂತ, ದೋಷ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ ಎನ್ನುವುದಕ್ಕೇ ಈ ಉತ್ತರಗಳಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಬಳಿ 2007ರ ಪೋರ್ಷೆ ಬಾಕ್ಸ್‌ಸ್ಟರ್ ಇದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ನಿಂತು ಸಾಗುವಾಗ ತಾಪಮಾನದ ಮುಳ್ಳು ಮೇಲೇರುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಹತ್ತಿ ವೇಗ ಹೆಚ್ಚಿದೊಡನೆ ತಾನಾಗಿ ಇಳಿಯುತ್ತದೆ. ಥರ್ಮೋಸ್ಟಾಟ್ ಮತ್ತು ನೀರಿನ ಪಂಪು ಎರಡನ್ನೂ ಬದಲಿಸಿದ್ದಾಯಿತು, ಪ್ರಯೋಜನವಾಗಲಿಲ್ಲ. ಈಗ ಎಂಜಿನಿನ ತಲೆಭಾಗದ ಕೂಡುಜಾಗದಲ್ಲಿ ಸೋರಿಕೆ ತಡೆಯುವ ಹೆಡ್ ಗ್ಯಾಸ್ಕೆಟ್ ಬಿಚ್ಚಬೇಕೆಂದು ಹೇಳುತ್ತಿದ್ದಾರೆ. ಒಪ್ಪಬಹುದೇ?
— ಓದುಗರು, ಜಯನಗರ, ಬೆಂಗಳೂರು

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ದೋಷ ಎಲ್ಲಿರಬಹುದೆಂಬುದನ್ನು ನಿಮ್ಮ ಪತ್ರವೇ ಮುಕ್ಕಾಲು ಪಾಲು ಹೇಳಿಬಿಟ್ಟಿದೆ. ನಿಂತಾಗ ಬಿಸಿಯೇರಿ ಓಡಿದಾಗ ತಣಿಯುವ ಕಾರಿನಲ್ಲಿ ಕೂಲೆಂಟ್, ಅಂದರೆ ಎಂಜಿನನ್ನು ತಣಿಸುವ ದ್ರವ, ಸರಿಯಾಗಿಯೇ ಹರಿಯುತ್ತಿರುತ್ತದೆ, ರೇಡಿಯೇಟರಿನ ಮೂಲಕ ಗಾಳಿ ಹರಿಯುತ್ತಿರುವುದಿಲ್ಲ. ಇದಕ್ಕೆ ವಿರುದ್ಧವಾಗಿ ಪೇಟೆಯೊಳಗೆ ತಣ್ಣಗಿದ್ದು ಹೆದ್ದಾರಿಯಲ್ಲಿ ಬಿಸಿಯೇರುವ ಕಾರಿನಲ್ಲಿ ಪಂಪು ಅಥವಾ ಒಳಗೆ ಕಟ್ಟಿಕೊಂಡ ರೇಡಿಯೇಟರನ್ನು ಅನುಮಾನಿಸಬೇಕು. ಎಲ್ಲ ಕಡೆಯೂ ಬಿಸಿಯೇರಿ, ಜೊತೆಗೆ ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ ಮಾತ್ರ ಸೋರಿಕೆ ಮತ್ತು ಗ್ಯಾಸ್ಕೆಟ್‌ಗಳ ಮಾತು ಬರುತ್ತದೆ.

ನಿಮ್ಮ ಕಾರಿನ ಎಂಜಿನ್ ಸೀಟುಗಳ ಹಿಂದಿದ್ದರೂ ರೇಡಿಯೇಟರುಗಳು ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿವೆ, ಒಂದೊಂದರ ಹಿಂದೆಯೂ ಒಂದೊಂದು ಫ್ಯಾನ್ ಇದೆ. ಎಂಜಿನನ್ನು ಚಾಲೂ ಮಾಡಿ ಏಸಿ ಹಾಕಿ, ಕೆಳಗಿಳಿದು ಎರಡೂ ಬದಿಗೆ ಕಿವಿಗೊಡಿ. ಏಸಿ ಹಾಕಿದಾಗ ಎರಡೂ ಫ್ಯಾನುಗಳು ನಿಧಾನಗತಿಯಲ್ಲಿ ತಿರುಗಲೇಬೇಕು. ತಿರುಗದೆ, ಮುಳ್ಳು ತೀರ ಮೇಲೆ ಹೋದಾಗ ಮಾತ್ರ ಜೋರಾಗಿ ತಿರುಗಿದರೆ ಮೋಟರು ಚೆನ್ನಾಗಿದೆ, ನಿಧಾನಗತಿಯ ರೆಸಿಸ್ಟರ್ ಸುಟ್ಟಿದೆ ಎಂದು ಅರ್ಥ. ಈ ತಲೆಮಾರಿನ ಬಾಕ್ಸ್‌ಸ್ಟರುಗಳಲ್ಲಿ ವಯಸ್ಸಾದಂತೆ ಇದು ಹೋಗುವುದು ಸಾಮಾನ್ಯ. ನೀವು ಈಗಾಗಲೇ ಬದಲಿಸಿರುವ ಎರಡು ಭಾಗಗಳ ಮುಂದೆ ಇದರ ಬೆಲೆ ಏನೇನೂ ಅಲ್ಲ.

ಫ್ಯಾನುಗಳು ಸರಿಯಾಗಿದ್ದರೆ ಮುಂದಿನ ಬಂಪರನ್ನು ಬಿಚ್ಚಿಸಿ ನೋಡಿ. ಏಸಿಯ ಕಂಡೆನ್ಸರ್ ಮತ್ತು ಅದರ ಹಿಂದಿನ ರೇಡಿಯೇಟರಿನ ನಡುವೆ ಒಣಗಿದ ಎಲೆ, ಕಾಗದದ ಚೂರು, ಧೂಳು ಸೇರಿ ಕಂಬಳಿಯಂತೆ ಕಟ್ಟಿಕೊಂಡಿರುತ್ತವೆ. ಮರಗಳ ಸಾಲಿನಲ್ಲಿ ಕಾರು ನಿಲ್ಲಿಸುವ ಜಯನಗರದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹೊರಗಿನಿಂದ ನೀರು ಹಾಯಿಸಿದರೆ ಕಸ ಇನ್ನಷ್ಟು ಒಳಕ್ಕೆ ಕೂರುತ್ತದೆಯೇ ಹೊರತು ಹೋಗುವುದಿಲ್ಲ.

ಇಷ್ಟಾದ ಮೇಲೂ ಗ್ಯಾಸ್ಕೆಟ್ಟಿನ ಬಗ್ಗೆ ಸಂಶಯ ಉಳಿದರೆ, ಬಿಚ್ಚದೆಯೇ ಪರೀಕ್ಷಿಸುವ ದಾರಿಯಿದೆ. ಕೂಲೆಂಟ್ ತುಂಬುವ ಎಕ್ಸ್‌ಪಾನ್ಷನ್ ಟ್ಯಾಂಕಿನ ಬಾಯಿಯಲ್ಲಿ ನೀಲಿ ದ್ರವವಿರುವ ಗಾಜಿನ ನಳಿಕೆಯನ್ನಿಟ್ಟು ಒಳಗಿನ ಆವಿಯನ್ನು ಅದರ ಮೂಲಕ ಎಳೆದಾಗ, ಉರಿದ ಅನಿಲ ಕೂಲೆಂಟಿಗೆ ಸೇರುತ್ತಿದ್ದರೆ ದ್ರವ ಹಳದಿಗೆ ತಿರುಗುತ್ತದೆ. ಕೆಲವು ನಿಮಿಷಗಳ ಕೆಲಸವಿದು. ಕೊನೆಯದಾಗಿ, ಕೂಲೆಂಟ್ ಕಡಿಮೆಯಾದಾಗ ಬೋರ್‌ವೆಲ್ ನೀರು ತುಂಬಿಸುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ಸ್ನಾನದ ಮನೆಯ ಗೀಸರಿನಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟುತ್ತದೆ.

ಪ್ರಶ್ನೆ: ನಾನು ಕೊಂಡಿರುವುದು 2001ರ ಬಾಕ್ಸ್‌ಸ್ಟರ್ ಎಸ್. ಕಳೆದ ತಿಂಗಳಿನಿಂದ ಕೆಲವು ದಿನ ಬೆಳಗ್ಗೆ ಚಾಲೂ ಮಾಡಿದಾಗ ಅಕ್ಕಪಕ್ಕದವರು ಬೆಂಕಿ ಬಿತ್ತೇನೋ ಎಂದು ಹೊರಬರುವಷ್ಟು ಬಿಳಿ ಹೊಗೆ ಬರುತ್ತದೆ. ಒಬ್ಬರು ಎಂಜಿನ್ನೇ ಹೋಯಿತು ಎಂದರು. ಇನ್ನೊಬ್ಬರು ‘ಐಎಂಎಸ್ ಬೇರಿಂಗ್’ ಎಂದು ಹೆದರಿಸಿದರು. ಇವೆರಡರಲ್ಲಿ ಯಾವುದು ನಿಜ?
— ಓದುಗರು, ಡಲ್ಲಾಸ್, ಅಮೆರಿಕ

ಉತ್ತರ: ಬಹುಶಃ ಎರಡೂ ಅಲ್ಲ. ಹೊಗೆಯ ಪ್ರಶ್ನೆ ಬೇರೆ, ಬೇರಿಂಗಿನ ಪ್ರಶ್ನೆ ಬೇರೆ. ಅವನ್ನು ಬಿಡಿಸಿಯೇ ನೋಡೋಣ.

ನಿಮ್ಮ ಎಂಜಿನಿನ ಆರು ಸಿಲಿಂಡರುಗಳು ನೆಟ್ಟಗೆ ನಿಂತಿಲ್ಲ, ಅಡ್ಡಡ್ಡ ಮಲಗಿವೆ. ರಾತ್ರಿಯೆಲ್ಲ ನಿಂತಾಗ ಸ್ವಲ್ಪ ಆಯಿಲ್ ಪಿಸ್ಟನ್ ರಿಂಗುಗಳನ್ನು ದಾಟಿ ಒಳಬರುವುದು ಇಂಥ ಎಂಜಿನಿನ ಸ್ವಭಾವ. ಇಳಿಜಾರಿನಲ್ಲಿ ನಿಲ್ಲಿಸಿದರೆ ಇನ್ನೂ ಹೆಚ್ಚು. ಹೀಗಾಗಿ ಚಾಲೂ ಮಾಡಿದಾಗ ಒಂದು ಗುಕ್ಕು ಹೊಗೆ ಬಂದು ನಿಂತುಹೋದರೆ ಚಿಂತಿಸಬೇಕಾಗಿಲ್ಲ. ಬೀದಿ ತುಂಬುವಷ್ಟು ಹೊಗೆ ಬಂದು, ಕೂಲೆಂಟಿನ ಮಟ್ಟ ಮಾತ್ರ ಇಳಿಯದಿದ್ದರೆ ಮೊದಲು ನೋಡಬೇಕಾದದ್ದು ಏರ್ ಆಯಿಲ್ ಸೆಪರೇಟರನ್ನು. ಎಂಜಿನಿನೊಳಗೆ ಏಳುವ ಆವಿಯಿಂದ ಆಯಿಲನ್ನು ಬೇರ್ಪಡಿಸಿ ಕೆಳಕ್ಕೆ ಬಿಟ್ಟು, ಉಳಿದ ಆವಿಯನ್ನು ಗಾಳಿಯ ಜೊತೆ ಮತ್ತೆ ಉರಿಯಲು ಕಳುಹಿಸುವ ಪ್ಲಾಸ್ಟಿಕ್ ಡಬ್ಬಿ ಅದು. ಅದರೊಳಗಿನ ರಬ್ಬರ್ ಪೊರೆ ಹರಿದರೆ ಎಂಜಿನಿನ ಎಳೆತಕ್ಕೆ ಸಿಕ್ಕಿ ಆಯಿಲ್ ನೇರವಾಗಿ ಸಿಲಿಂಡರಿಗೆ ಹೋಗುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಐಡಲಿನಲ್ಲಿ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳವನ್ನು ತಿರುಗಿಸಿ ಎತ್ತಿ ನೋಡಿ. ಸ್ವಲ್ಪ ಎಳೆತವಿರುವುದು ಸಹಜ. ಎರಡು ಕೈ ಹಾಕಿ ಕೀಳಬೇಕಾಗುವಷ್ಟು ಬಲವಾಗಿ ಹಿಡಿದುಕೊಂಡಿದ್ದರೆ ಪೊರೆ ಹರಿದಿದೆ. ಅಂದಾಜು ಬೇಡ, ಅಂಕಿ ಬೇಕು ಎನ್ನುವವರು ಅದೇ ಬಾಯಿಗೆ ಒತ್ತಡ ಅಳೆಯುವ ಮಾನೋಮೀಟರ್ ಜೋಡಿಸಬಹುದು. ಆರೋಗ್ಯವಾಗಿರುವ ಎಂಜಿನಿನಲ್ಲಿ ಸುಮಾರು 5 ಇಂಚು ನೀರಿನಷ್ಟು ಎಳೆತ ಕಾಣುತ್ತದೆ, ಪೊರೆ ಹರಿದಾಗ ಅದು ಬಹಳ ಮೇಲೇರುತ್ತದೆ. ಇದನ್ನು ಮುಂದೂಡಬೇಡಿ. ದ್ರವ ಒತ್ತಿದರೆ ಕುಗ್ಗುವುದಿಲ್ಲ. ಒಂದು ಸಿಲಿಂಡರಿಗೆ ಮಿತಿಮೀರಿ ಆಯಿಲ್ ನುಗ್ಗಿದರೆ ಕನೆಕ್ಟಿಂಗ್ ರಾಡೇ ಬಾಗಬಹುದು. ಸಣ್ಣದೊಂದು ಡಬ್ಬಿಯ ದೋಷ ನಿಜವಾಗಿಯೂ ಎಂಜಿನನ್ನು ಕೊಲ್ಲುವುದು ಆಗ.

ಇನ್ನು ಬೇರಿಂಗ್. ಕ್ರ್ಯಾಂಕ್ ಶಾಫ್ಟಿನ ಕೆಳಗೆ ಓಡುವ, ಚೈನುಗಳ ಮೂಲಕ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟುಗಳನ್ನು ತಿರುಗಿಸುವ ನಡುವಣ ಶಾಫ್ಟಿನ (ಇಂಟರ್‌ಮೀಡಿಯೆಟ್ ಶಾಫ್ಟ್, ಅದೇ ಐಎಂಎಸ್) ಹಿಂತುದಿಯಲ್ಲಿ ಒಂದು ಬಾಲ್ ಬೇರಿಂಗ್ ಇದೆ. ಅದು ಸೀಲ್ ಮಾಡಿದ ಬೇರಿಂಗ್ ಆಗಿರುವುದರಿಂದ ಎಂಜಿನ್ ಆಯಿಲ್ ಅದನ್ನು ತೊಳೆದು ತಣಿಸುವುದಿಲ್ಲ; ಕಾಲಕ್ರಮದಲ್ಲಿ ಸೀಲನ್ನು ದಾಟಿ ಒಳನುಸುಳುವ ಹಳೆಯ ಆಯಿಲ್ ಗ್ರೀಸನ್ನು ಕರಗಿಸಿ ಅಲ್ಲಿಯೇ ನಿಂತುಬಿಡುತ್ತದೆ. ಬೇರಿಂಗ್ ಒಡೆದರೆ ಟೈಮಿಂಗ್ ತಪ್ಪಿ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಮೊದಮೊದಲ ಕಾರುಗಳಲ್ಲಿ ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು. ಸುಮಾರು 2000ದಿಂದ ಒಂದೇ ಸಾಲಿನದು ಬಂತು, ದೂರುಗಳು ಹೆಚ್ಚಾದದ್ದು ಅದರಲ್ಲಿ. 2001ರಿಂದ 2005ರವರೆಗಿನ ಮಾದರಿಗಳ ಕುರಿತು ನಿಮ್ಮ ಅಮೆರಿಕದಲ್ಲೇ ಮಾಲೀಕರು ಹೂಡಿದ್ದ ಸಾಮೂಹಿಕ ದಾವೆ 2013ರಲ್ಲಿ ರಾಜಿಯಲ್ಲಿ ಮುಗಿಯಿತು. ಆದರೆ ಇಪ್ಪತ್ತು ವರ್ಷ ದಾಟಿಯೂ ಮೂಲ ಬೇರಿಂಗಿನಲ್ಲೇ ಓಡುತ್ತಿರುವ ಕಾರುಗಳು ಧಾರಾಳವಾಗಿವೆ ಎಂಬುದನ್ನೂ ಮರೆಯಬಾರದು.

ನಿಮ್ಮ ಬೇರಿಂಗಿನ ಸ್ಥಿತಿ ತಿಳಿಯಲು ಮುಂದಿನ ಸಲ ಆಯಿಲ್ ಬದಲಿಸುವಾಗ ಹಳೆಯ ಫಿಲ್ಟರಿನ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಹೊಳೆಯುವ ಚೂರುಗಳು ಕಂಡರೆ ಅಯಸ್ಕಾಂತವನ್ನು ಹತ್ತಿರ ತನ್ನಿ; ಅಂಟಿಕೊಂಡರೆ ಉಕ್ಕು, ಅಂದರೆ ಬೇರಿಂಗ್ ಸವೆಯುತ್ತಿರುವ ಸೂಚನೆ, ಕಾರು ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಏನೂ ಕಾಣದಿದ್ದರೆ 8,000 ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸುತ್ತ, ಕಾರನ್ನು ಗ್ಯಾರೇಜಿನಲ್ಲಿ ಪೂಜೆಗೆ ಇಡದೆ ಓಡಿಸುತ್ತ ಇರಿ. ಕ್ಲಚ್ಚು ಬದಲಿಸುವ ಕಾಲ ಬಂದಾಗ ಹೇಗೂ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ಬೇರಿಂಗನ್ನೂ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲನ್ನೂ ಆಗಲೇ ಬದಲಿಸಿದರೆ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಕ್ರ್ಯಾಂಕ್ ಮತ್ತು ಕ್ಯಾಮ್‌ಗಳನ್ನು ಕದಲದಂತೆ ಬಂಧಿಸುವ ಸಲಕರಣೆ ಇಲ್ಲದವರ ಕೈಗೆ ಮಾತ್ರ ಈ ಕೆಲಸವನ್ನು ಕೊಡಬೇಡಿ.

ಪ್ರಶ್ನೆ: 2010ರ ಬಾಕ್ಸ್‌ಸ್ಟರ್ ಕೊಳ್ಳಬೇಕೆಂದಿದ್ದೇನೆ. ಅದಕ್ಕೂ ಈ ಬೇರಿಂಗಿನ ಕಾಟವಿದೆಯೇ?
— ಓದುಗರು, ಮೈಸೂರು

ಉತ್ತರ: ಇಲ್ಲ. 2009ರ ಮಾದರಿಯಿಂದ ಬಂದ ಹೊಸ ಎಂಜಿನಿನಲ್ಲಿ ಆ ನಡುವಣ ಶಾಫ್ಟೇ ಇಲ್ಲ. ಇಲ್ಲದ ಶಾಫ್ಟಿನ ಬೇರಿಂಗ್ ಬದಲಿಸಲು ಹಣ ಕೇಳುವವರು ಸಿಕ್ಕಿದರೆ ನನಗೂ ತಿಳಿಸಿ. ಟಯರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಮಾತ್ರ ನೋಡಿಕೊಳ್ಳಿ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ಕಡಿಮೆ ಓಡಿದ ಕಾರುಗಳಲ್ಲಿ ಗೆರೆ ಸವೆಯುವ ಮೊದಲೇ ರಬ್ಬರ್ ಗಟ್ಟಿಯಾಗಿ ಮಳೆಯಲ್ಲಿ ಹಿಡಿತ ತಪ್ಪಿರುತ್ತದೆ.

ಪ್ರಶ್ನೆ: ನನ್ನದು 1999ರ ಮಾಜ್ದಾ ಎಂಎಕ್ಸ್-5. ಚಳಿ ಶುರುವಾದಾಗಿನಿಂದ ಬೆಳಗ್ಗೆ ಕ್ಲಚ್ ಪೆಡಲು ಮೆತ್ತಗಾಗಿರುತ್ತದೆ, ಒಂದನೇ ಗೇರಿಗೆ ಹಾಕುವಾಗ ಕರಕರ ಸದ್ದು ಬರುತ್ತದೆ, ರಿವರ್ಸ್ ಬೀಳುವುದೇ ಇಲ್ಲ. ಇಲ್ಲಿನ ಗ್ಯಾರೇಜಿನವರು ಕ್ಲಚ್ ಪ್ಲೇಟಿನ ಜೊತೆ ಗೇರ್‌ಬಾಕ್ಸನ್ನೂ ಬಿಚ್ಚಿ ನೋಡಬೇಕು ಎನ್ನುತ್ತಾರೆ.
— ಓದುಗರು, ಬರ್ಮಿಂಗ್‌ಹ್ಯಾಮ್, ಇಂಗ್ಲೆಂಡ್

ಉತ್ತರ: ಕ್ಲಚ್ಚಿನ ದೋಷ ಎರಡು ಬಗೆಯದು, ಎರಡೂ ಒಂದಕ್ಕೊಂದು ತದ್ವಿರುದ್ಧ. ಬಿಟ್ಟಾಗ ಹಿಡಿಯದಿರುವುದು ಒಂದು: ಆಕ್ಸಿಲರೇಟರ್ ಒತ್ತಿದರೆ ಎಂಜಿನಿನ ಕೂಗು ಏರುತ್ತದೆ, ಕಾರು ಮಾತ್ರ ಅಷ್ಟೇ ವೇಗದಲ್ಲಿರುತ್ತದೆ. ಇದು ಪ್ಲೇಟು ಸವೆದ ಲಕ್ಷಣ. ಒತ್ತಿದಾಗ ಬಿಡದಿರುವುದು ಇನ್ನೊಂದು: ಗೇರು ಬೀಳಲು ತಕರಾರು ಮಾಡುತ್ತದೆ, ರಿವರ್ಸ್ ಕರ್ಕಶವಾಗುತ್ತದೆ. ನಿಮ್ಮದು ಈ ಎರಡನೆಯದು. ಈಗ ಪೆಡಲನ್ನು ನಾಲ್ಕೈದು ಬಾರಿ ಬೇಗಬೇಗ ಒತ್ತಿ, ಕೂಡಲೇ ಗೇರು ಹಾಕಿ ನೋಡಿ. ಸಲೀಸಾಗಿ ಬಿದ್ದರೆ ದೋಷ ಪ್ಲೇಟಿನಲ್ಲೂ ಇಲ್ಲ, ಗೇರ್‌ಬಾಕ್ಸಿನಲ್ಲೂ ಇಲ್ಲ. ಪೆಡಲಿನ ಒತ್ತಡವನ್ನು ಸಾಗಿಸುವ ದ್ರವದ ಸಾಲಿನಲ್ಲಿದೆ.

ಈ ಕಾರಿನಲ್ಲಿ ಪದೇಪದೇ ಸೋರುವುದು ಆ ಸಾಲಿನ ಕೆಳತುದಿಯಲ್ಲಿದ್ದು ಕ್ಲಚ್ಚನ್ನು ಬಿಡಿಸುವ ಸ್ಲೇವ್ ಸಿಲಿಂಡರ್. ಕಾರನ್ನು ಜಾಕಿನ ಮೇಲೆ ಮಾತ್ರ ನಂಬಿ ಬಿಡದೆ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಗೇರ್‌ಬಾಕ್ಸಿನ ಪಕ್ಕದಲ್ಲಿರುವ ಆ ಸಣ್ಣ ಸಿಲಿಂಡರಿನ ರಬ್ಬರ್ ಟೊಪ್ಪಿಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ನೋಡಿ. ಒಳಗಿನಿಂದ ಕಪ್ಪು ದ್ರವ ತೊಟ್ಟಿಕ್ಕಿದರೆ ಅನುಮಾನ ಮುಗಿಯಿತು. ಎರಡು ಬೋಲ್ಟುಗಳಲ್ಲಿ ನಿಂತಿರುವ ಭಾಗವದು. ಶನಿವಾರ ಬೆಳಗ್ಗೆ ಕುಳಿತರೆ ಊಟದ ಹೊತ್ತಿಗೆ ಮುಗಿಸಬಹುದು. ಬಾನೆಟ್ಟಿನ ಕೆಳಗಿರುವ, ಪೆಡಲು ನೇರವಾಗಿ ಒತ್ತುವ ಮಾಸ್ಟರ್ ಸಿಲಿಂಡರನ್ನೂ ಜೊತೆಗೇ ಬದಲಿಸಿ ಎಂದು ನಾನು ಹೇಳುತ್ತೇನೆ. ಕೆಳಗೆ ಹೊಸ ಸೀಲು ಕುಳಿತು ಒತ್ತಡ ಪೂರ್ತಿ ಬಂದೊಡನೆ ಮೇಲಿನ ಹಳೆಯ ಸೀಲು ಬಿಟ್ಟುಕೊಡುವುದು ಅಪರೂಪವಲ್ಲ. ಬಳಿಕ ಒಬ್ಬರು ಪೆಡಲು ಒತ್ತಿ ಹಿಡಿದಿರಲು, ಇನ್ನೊಬ್ಬರು ಕೆಳಗಿನ ನಿಪ್ಪಲನ್ನು ಸಡಿಲಿಸಿ ಬಿಗಿಗೊಳಿಸುತ್ತ ಗುಳ್ಳೆ ಬರುವುದು ನಿಲ್ಲುವವರೆಗೂ ಗಾಳಿಯನ್ನು ಹೊರಬಿಡಬೇಕು.

ಕೆಳಗೆ ಮಲಗಿದ್ದಾಗಲೇ ಇನ್ನೊಂದು ಕೆಲಸ ಮಾಡಿ. ಬಟ್ಟೆಯ ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದಿನ ರಂಧ್ರಗಳ ಮೂಲಕ ಕೆಳಗಿಳಿದು ಹಿಂಚಕ್ರಗಳ ಮುಂದೆ ಹೊರಬೀಳಬೇಕು. ಆ ರಂಧ್ರ ಎಲೆಕಸದಿಂದ ಕಟ್ಟಿದರೆ ನೀರು ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ಭಾಗದಲ್ಲಿ ನಿಂತು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಇಂಗ್ಲೆಂಡಿನಲ್ಲಿ ಈ ಕಾರುಗಳು ಸಾಯುವುದು ಎಂಜಿನ್ ಕೆಟ್ಟಲ್ಲ, ಹೀಗೆ ತುಕ್ಕು ಹಿಡಿದು. ಮೆದುವಾದ ಪ್ಲಾಸ್ಟಿಕ್ ಕೊಳವೆಯೊಂದನ್ನು ಮೇಲಿನಿಂದ ತೂರಿಸಿ ಸ್ವಚ್ಛಮಾಡಿ, ಒಂದು ಲೋಟ ನೀರು ಹಾಕಿ ಕೆಳಗೆ ಬರುತ್ತದೆಯೇ ನೋಡಿ.

ಪ್ರಶ್ನೆ: ನನ್ನ ನಾಲ್ಕು ಸಿಲಿಂಡರಿನ ಟರ್ಬೊ ಕೂಪೆ ಮಳೆಗಾಲದಲ್ಲಿ ಪಿಕಪ್ ಕಳೆದುಕೊಂಡು ಜರ್ಕ್ ಹೊಡೆಯುತ್ತದೆ. ಸ್ಕ್ಯಾನರಿನಲ್ಲಿ ಪಿ0302 ಎಂದು ಬರುತ್ತದೆ. ಇಂಜೆಕ್ಟರ್ ಬದಲಿಸಲು ದೊಡ್ಡ ಮೊತ್ತ ಹೇಳಿದ್ದಾರೆ.
— ಓದುಗರು, ಮಂಗಳೂರು

ಉತ್ತರ: ಆ ಸಂಕೇತಕ್ಕೆ ಎರಡನೇ ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ ಎಂಬುದಷ್ಟೇ ಅರ್ಥ; ಕಾರಣ ಅದರಲ್ಲಿಲ್ಲ. ಎರಡನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲನ್ನು ನಾಲ್ಕನೆಯದಕ್ಕೂ ನಾಲ್ಕನೆಯದನ್ನು ಎರಡಕ್ಕೂ ಅದಲುಬದಲು ಮಾಡಿ, ಹಳೆಯ ಸಂಕೇತವನ್ನು ಅಳಿಸಿ ಓಡಿಸಿ. ದೋಷ ಕಾಯಿಲಿನ ಹಿಂದೆಯೇ ಹೋಗಿ ಪಿ0304 ಎಂದು ಬಂದರೆ ಕಾಯಿಲೇ ಕೆಟ್ಟಿದೆ. ಎರಡರಲ್ಲೇ ಉಳಿದರೆ ಸ್ಪಾರ್ಕ್ ಪ್ಲಗ್ಗನ್ನು ಹೀಗೆಯೇ ಬದಲಿಸಿ ನೋಡಿ. ಅಲ್ಲಿಯೂ ಕದಲದಿದ್ದರೆ ಸಿಲಿಂಡರಿನೊಳಗಿನ ಒತ್ತಡವನ್ನು (ಕಂಪ್ರೆಷನ್) ಅಳೆಸಿ, ಅದು ಸರಿಯಾಗಿದ್ದರೆ ಇಂಜೆಕ್ಟರಿನ ಸರದಿ. ಮಳೆಯಲ್ಲೇ ಕಾಣಿಸಿಕೊಳ್ಳುವ ದೋಷವಾದ್ದರಿಂದ ನನ್ನ ಪಂದ್ಯ ಕಾಯಿಲಿನ ಮೇಲೆ: ಅದರ ಹೊದಿಕೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕರಾವಳಿಯ ತೇವಕ್ಕೆ ಕಿಡಿ ಪ್ಲಗ್ಗಿಗೆ ಹೋಗದೆ ಅಡ್ಡದಾರಿ ಹಿಡಿಯುತ್ತದೆ. ರಾತ್ರಿ ಕತ್ತಲಲ್ಲಿ ಬಾನೆಟ್ ತೆರೆದು ಎಂಜಿನ್ ಓಡಿಸಿದರೆ ಒಮ್ಮೊಮ್ಮೆ ಆ ಕಿಡಿ ಕಣ್ಣಿಗೇ ಕಾಣುತ್ತದೆ. ಕೈ ಮಾತ್ರ ದೂರವಿರಲಿ.

ಪ್ರಶ್ನೆ: ಗೆಳೆಯರೊಂದಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೋಗಿದ್ದೆ. ಆರನೇ ಸುತ್ತಿನಲ್ಲಿ ಬ್ರೇಕ್ ಪೆಡಲು ನೆಲಕ್ಕೆ ಹೋಯಿತು. ತಣ್ಣಗಾದ ಮೇಲೆ ಸರಿಯಾಯಿತು. ಊರಿಗೆ ಮರಳುವಾಗ ಬ್ರೇಕ್ ಹಿಡಿದಾಗಲೆಲ್ಲ ಸ್ಟೇರಿಂಗ್ ನಡುಗುತ್ತಿತ್ತು. ಡಿಸ್ಕ್ ಬಾಗಿದೆಯೇ?
— ಓದುಗರು, ಹೆಬ್ಬಾಳ, ಬೆಂಗಳೂರು

ಉತ್ತರ: ಪೆಡಲು ಹೇಗೆ ವರ್ತಿಸಿತು ಎಂದು ನೀವು ಗಮನಿಸಿ ಬರೆದಿರುವುದು ಬಹಳ ಉಪಯೋಗಕ್ಕೆ ಬಂತು. ಪೆಡಲು ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಪ್ಯಾಡುಗಳು ಕಾದು ಹಿಡಿತ ಕಳೆದುಕೊಂಡಿವೆ ಎನ್ನಬಹುದು. ಪೆಡಲು ಮೆತ್ತಗಾಗಿ ಕೆಳಗೆ ಹೋದರೆ ಬ್ರೇಕ್ ದ್ರವ ಕುದಿದಿದೆ. ದ್ರವ ಕುಗ್ಗುವುದಿಲ್ಲ, ಅದರ ಆವಿ ಕುಗ್ಗುತ್ತದೆ. ಈ ದ್ರವ ಗಾಳಿಯ ತೇವವನ್ನು ಉಪ್ಪಿನಂತೆ ಹೀರಿಕೊಳ್ಳುವ ಗುಣದ್ದು. ಡಾಟ್ 4 ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಷಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದ್ದರೂ, ತೇವ ಹೀರಿದ ಮೇಲೆ ಅದರ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ರಲ್ಲಿ ಈ ಅಂಕಿಗಳು 260 ಮತ್ತು 180. ಪೇಟೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕಾಗುವ ದ್ರವವನ್ನು ಟ್ರ್ಯಾಕಿಗೆ ಹೋಗುವವರು ಪ್ರತಿ ಬಾರಿ ಹೋಗುವ ಮೊದಲು ಬದಲಿಸುವುದು ಲೇಸು. ಹೆಸರು ಹತ್ತಿರವೆಂದು ಸಿಲಿಕೋನಿನ ಡಾಟ್ 5 ಅನ್ನು ಮಾತ್ರ ಬೆರೆಸಬೇಡಿ. ಅದು ಬೇರೆಯೇ ವಸ್ತು, ಇವುಗಳೊಂದಿಗೆ ಕೂಡುವುದಿಲ್ಲ.

ನಡುಕದ ವಿಚಾರದಲ್ಲಿ, ಡಿಸ್ಕ್ ಬಾಗಿತು ಎಂಬ ಮಾತನ್ನು ಗ್ಯಾರೇಜುಗಳಲ್ಲಿ ದಿನವೂ ಕೇಳುತ್ತೇವೆ, ಆದರೆ ನಿಜವಾಗಿ ಬಾಗಿದ ಡಿಸ್ಕ್ ಕಾಣುವುದು ಅಪರೂಪ. ಕೆಂಡದಂತೆ ಕಾದ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿ ಹಿಡಿದು ಕಾರು ನಿಲ್ಲಿಸಿದರೆ ಪ್ಯಾಡಿನ ವಸ್ತು ಆ ಒಂದೇ ಜಾಗಕ್ಕೆ ಮೆತ್ತಿಕೊಳ್ಳುತ್ತದೆ, ಆ ಉಬ್ಬು ಪ್ರತಿ ಸುತ್ತಿಗೂ ನಡುಕ ಹುಟ್ಟಿಸುತ್ತದೆ. ಸುತ್ತು ಮುಗಿಸಿ ಪಿಟ್ಟಿಗೆ ಬಂದು ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಕುಳಿತಿದ್ದಿರೇ? ಹಾಗಿದ್ದರೆ ಕಾರಣ ಅದೇ. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಹಾಕಿ, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡುವುದು ಟ್ರ್ಯಾಕಿನವರ ರೂಢಿ. ಈಗ ಖಾಲಿ ರಸ್ತೆಯಲ್ಲಿ 80ರಿಂದ 20 ಕಿಲೋಮೀಟರಿಗೆ ಎಂಟು ಹತ್ತು ಬಾರಿ, ಪೂರ್ತಿ ನಿಲ್ಲಿಸದೆ, ಗಟ್ಟಿಯಾಗಿ ಬ್ರೇಕ್ ಹಿಡಿದು ಬಿಡಿ. ನಂತರ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ತಣಿಸಿ. ಉಬ್ಬು ಹಲವು ಸಲ ಹೀಗೆಯೇ ಸವೆದುಹೋಗುತ್ತದೆ. ಹೋಗದಿದ್ದರೆ ಡಯಲ್ ಗೇಜ್ ಇರುವಲ್ಲಿ ಡಿಸ್ಕಿನ ಓಲಾಟವನ್ನು ಅಳೆಸಿ. ಮಿತಿ ಕಾರಿನಿಂದ ಕಾರಿಗೆ ತುಸು ಬೇರೆಯಾದರೂ 0.05 ಮಿಲಿಮೀಟರಿನ ಸುಮಾರಿನಲ್ಲಿರುತ್ತದೆ. ಅದನ್ನು ಮೀರಿದ್ದರೂ ಡಿಸ್ಕ್ ಕೊಳ್ಳುವ ಮೊದಲು ಅದರ ಹಿಂದಿನ ಹಬ್ಬಿನ ಮೇಲಿರುವ ತುಕ್ಕನ್ನು ಉಜ್ಜಿ ತೆಗೆದು ಮತ್ತೊಮ್ಮೆ ಅಳೆಯಲು ಹೇಳಿ.

ಪ್ರಶ್ನೆ: ಬೇಸಿಗೆಯ ರಜೆಗೆ ಊರಿಗೆ ಬಂದು ಒಂದೂವರೆ ತಿಂಗಳ ಬಳಿಕ ಮರಳಿದರೆ ನನ್ನ 2008ರ ಬಾಕ್ಸ್‌ಸ್ಟರಿನ ಬ್ಯಾಟರಿ ಸತ್ತಿರುತ್ತದೆ. ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದೆ, ಆ ಡಿಕ್ಕಿ ತೆರೆಯಲು ಕರೆಂಟು ಬೇಕು! ಮೂರು ವರ್ಷಗಳಲ್ಲಿ ಇದು ಎರಡನೇ ಬ್ಯಾಟರಿ.
— ಓದುಗರು, ದುಬೈ

ಉತ್ತರ: ಮೊದಲು ಡಿಕ್ಕಿ. ಕಾಲಿಡುವ ಜಾಗದ ಪಕ್ಕದಲ್ಲಿರುವ ಫ್ಯೂಸ್ ಪೆಟ್ಟಿಗೆಯಲ್ಲಿ ಹೊರಕ್ಕೆಳೆಯಬಹುದಾದ ಕೆಂಪು ಟರ್ಮಿನಲ್ ಇದೆ. ಬೇರೊಂದು 12 ವೋಲ್ಟ್ ಬ್ಯಾಟರಿಯ ಪ್ಲಸ್ ತಂತಿಯನ್ನು ಅದಕ್ಕೂ ಮೈನಸ್ ತಂತಿಯನ್ನು ಬಾಗಿಲ ಚೌಕಟ್ಟಿನಲ್ಲಿರುವ ಲೋಹದ ಕೊಂಡಿಗೂ ಹಿಡಿದು, ಕೀಲಿಯಲ್ಲಿರುವ ಡಿಕ್ಕಿಯ ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತದೆ. ಈ ತಂತಿಗಳಿಂದ ಎಂಜಿನ್ ಚಾಲೂ ಮಾಡಲು ಹೋಗಬೇಡಿ, ಅದು ಬೀಗ ತೆರೆಯಲು ಮಾತ್ರ.

ಬಳಿಕ, ಬ್ಯಾಟರಿ ದುರ್ಬಲವೋ ಅಥವಾ ಕಾರು ಅದನ್ನು ಕುಡಿಯುತ್ತಿದೆಯೋ ತಿಳಿಯಿರಿ. ಪೂರ್ತಿ ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟಾಗ 12.6 ವೋಲ್ಟ್ ಇರಬೇಕು, 12.2 ಎಂದರೆ ಅರ್ಧ ಖಾಲಿ. ಕಾರಿಗೆ ಬೀಗ ಹಾಕಿದ ಸ್ಥಿತಿಯಲ್ಲಿ, ಬ್ಯಾಟರಿಯ ಮೈನಸ್ ತಂತಿಯ ಸಾಲಿನಲ್ಲಿ ಮೀಟರನ್ನು ಜೋಡಿಸಿ ಅರ್ಧ ಗಂಟೆಗೂ ಹೆಚ್ಚು ಕಾಯಿರಿ, ಏಕೆಂದರೆ ಒಳಗಿನ ಎಲೆಕ್ಟ್ರಾನಿಕ್ಸ್ ಒಂದೊಂದಾಗಿ ಮಲಗಲು ಅಷ್ಟು ಹೊತ್ತು ಬೇಕು. ಆಮೇಲೂ 50 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯುತ್ತಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಯಾವುದನ್ನು ಕಿತ್ತಾಗ ಅಂಕಿ ಇಳಿಯುತ್ತದೆ ನೋಡಿ. ಕಳ್ಳ ಆ ಸಾಲಿನಲ್ಲಿದ್ದಾನೆ. ಹೊರಗಿನಿಂದ ಹಾಕಿಸಿದ ಸ್ಟೀರಿಯೊ ಅಥವಾ ಟ್ರ್ಯಾಕರ್ ಇದ್ದರೆ ಅಲ್ಲಿಂದಲೇ ಆರಂಭಿಸಬಹುದು. 50ಕ್ಕಿಂತ ಕಡಿಮೆಯಿದ್ದರೆ ಕಾರಿನಲ್ಲಿ ದೋಷವೇ ಇಲ್ಲ: 40 ಮಿಲಿಆಂಪಿಯರ್ ಹರಿದರೂ 45 ದಿನಗಳಲ್ಲಿ 43 ಆಂಪಿಯರ್ ಗಂಟೆ ಖರ್ಚಾಗುತ್ತದೆ, ಮರುಭೂಮಿಯ ಬಿಸಿಗೆ ಬಳಲಿದ ಬ್ಯಾಟರಿ ಅದನ್ನು ತಾಳುವುದಿಲ್ಲ. ಊರಿಗೆ ಹೊರಡುವ ಮೊದಲು ಗ್ಯಾರೇಜಿನ ಪ್ಲಗ್ಗಿಗೆ ಚಾರ್ಜ್ ಇಳಿಯದಂತೆ ನೋಡಿಕೊಳ್ಳುವ ಒಂದು ಬ್ಯಾಟರಿ ಮೇಂಟೇನರ್ ಹಾಕಿ, ಅದರ ತಂತಿಯನ್ನು ಬ್ಯಾಟರಿಗೆ ಜೋಡಿಸಿ ಹೊರಡಿ. ಮೂರನೇ ಬ್ಯಾಟರಿಗಿಂತ ಅದು ಅಗ್ಗ.